ಗಾಳಿ ತಿರುಗುವ ಮುನ್ನ ದಡ ಸೇರಿ

ಮೇ ತಿಂಗಳ ಎರಡನೇ ವಾರ, ಭರಣಿ ಮಳೆ ಮುಗಿದು ಕೃತ್ತಿಕೆ ಹಿಡಿಯುವ ಹೊತ್ತು. ಶರಾವತಿ ಹಿನ್ನೀರಿನ ಒಂದು ನಡುಗಡ್ಡೆಯಲ್ಲಿ ನಾವು ಐದು ಜನ ಬುತ್ತಿ ಬಿಚ್ಚಿಕೊಂಡು ಕೂತಿದ್ದೆವು. ಬಿಸಿಲು ಚುರುಕಾಗಿತ್ತು, ನೀರು ಅಲುಗದೆ ನಿಂತಿತ್ತು. ನಮ್ಮನ್ನು ಕರೆತಂದ ದೋಣಿಯ ಹಿರಿಯರು ಮಾತ್ರ ಊಟದತ್ತ ನೋಡದೆ ಪೂರ್ವದ ಗುಡ್ಡದ ಮೇಲಿನ ಮೋಡವನ್ನೇ ನೋಡುತ್ತಿದ್ದರು. “ಏಳಿ ಸಾರ್, ಹೊರಡಣ” ಅಂದರು. ಮಕ್ಕಳು ಇನ್ನೂ ನೀರಲ್ಲಿ ಕಾಲಾಡಿಸುತ್ತಿದ್ದರು. “ಇನ್ನೊಂದು ಹತ್ತು ನಿಮಿಷ” ಅಂತ ನಾನು ಕೇಳಿಕೊಂಡೆ. ಅವರು ಉತ್ತರ ಕೊಡದೆ ಹಗ್ಗ ಬಿಚ್ಚಿದರು.

ನಾವು ದಡ ಮುಟ್ಟಿ, ಅಮ್ಮನನ್ನು ಕೈಹಿಡಿದು ಇಳಿಸಿಕೊಳ್ಳುವಷ್ಟರಲ್ಲಿ ತಣ್ಣನೆಯ ಗಾಳಿ ನುಗ್ಗಿತು. ಸ್ವಲ್ಪ ಹೊತ್ತಿನಲ್ಲೇ ನಾವು ದಾಟಿಬಂದ ನೀರಿನ ತುಂಬ ಬಿಳಿನೊರೆಯ ಅಲೆಗಳೆದ್ದವು. ನಾನು ಕೇಳಿದ ಆ ಹತ್ತು ನಿಮಿಷ ಸಿಕ್ಕಿದ್ದರೆ ನಾವು ಆ ಅಲೆಗಳ ನಡುವೆ ಇರುತ್ತಿದ್ದೆವು.

ಅಂದಿನಿಂದ ಒಂದು ಮಾತನ್ನು ಗಟ್ಟಿಯಾಗಿ ಹಿಡಿದಿದ್ದೇನೆ. ದೋಣಿ ವಿಹಾರದಲ್ಲಿ ಮನೆಮಂದಿಯ ಕ್ಷೇಮ ತೀರ್ಮಾನವಾಗುವುದು ದಡದಲ್ಲಿ. ಎಷ್ಟು ಗಂಟೆಗೆ ಹಿಂತಿರುಗಬೇಕು, ಏನು ಕಂಡರೆ ಆಟ ನಿಲ್ಲಿಸಬೇಕು ಎಂಬುದನ್ನು ದೋಣಿ ಹತ್ತುವ ಮೊದಲೇ ಗೊತ್ತುಮಾಡಿಕೊಂಡಿರಬೇಕು. ನೀರಿನ ಮೇಲೆ ಕೂತು ಯೋಚಿಸತೊಡಗಿದರೆ ತಡವಾಗಿರುತ್ತದೆ. ಹಾಗೆ ಗೊತ್ತುಮಾಡಿಕೊಳ್ಳಲು ನೀರು, ಗಾಳಿ, ದೋಣಿ ಈ ಮೂರರ ನಡೆ ಸ್ವಲ್ಪ ತಿಳಿದಿದ್ದರೆ ಸಾಕು.

ಕೆರೆ, ಹಿನ್ನೀರು, ಹೊಳೆ

ಕೆರೆ ಚಿಕ್ಕದು, ಕಣ್ಣಳತೆಯಲ್ಲೇ ದಡವಿರುತ್ತದೆ. ಅಲ್ಲಿನ ಅಪಾಯ ಅಡಿಯಲ್ಲಿದೆ. ಹೂಳು ತೆಗೆದ ಯಂತ್ರಗಳು ಬಿಟ್ಟುಹೋದ ಗುಂಡಿಗಳು, ಕಾಲು ಹಿಡಿಯುವ ಕೆಸರು, ಜೊಂಡು, ಮೀನಿನ ಬಲೆ. ಸೊಂಟದುದ್ದ ನೀರಿನಲ್ಲಿ ನಡೆಯುತ್ತಿದ್ದವರು ಮುಂದಿನ ಹೆಜ್ಜೆಗೆ ಮುಳುಗುವುದು ಇಂಥ ಗುಂಡಿಗಳಲ್ಲೇ. ಆದ್ದರಿಂದ ಕೆರೆ ಚಿಕ್ಕದೆಂದು ಮಕ್ಕಳನ್ನು ದೋಣಿಯಿಂದ ನೀರಿಗೆ ಇಳಿಸಬಾರದು.

ಅಣೆಕಟ್ಟಿನ ಹಿನ್ನೀರಿನಲ್ಲಿ ಗಾಳಿಯದೇ ದರಬಾರು. ಲಿಂಗನಮಕ್ಕಿ, ಕಬಿನಿ, ಭದ್ರಾ ಜಲಾಶಯಗಳಲ್ಲಿ ನೀರು ಕಿಲೋಮೀಟರುಗಟ್ಟಲೆ ಬಯಲಾಗಿ ಹರಡಿದೆ. ಅಡಿಯಲ್ಲಿ ಮುಳುಗಿದ ಕಾಡಿನ ಮರದ ಬೊಡ್ಡೆಗಳಿವೆ. ಲಿಂಗನಮಕ್ಕಿಯ ಪೂರ್ಣಮಟ್ಟ 1819 ಅಡಿ. ಬೇಸಿಗೆಯಲ್ಲಿ ಮಟ್ಟ ಹತ್ತಾರು ಅಡಿ ಇಳಿದಾಗ ಈ ಬೊಡ್ಡೆಗಳು ನೀರಿಗಿಂತ ಗೇಣುದ್ದ ಕೆಳಗೆ ಬಂದು ನಿಲ್ಲುತ್ತವೆ, ಮೇಲಿನಿಂದ ಕಾಣುವುದಿಲ್ಲ. ಕಳೆದ ಡಿಸೆಂಬರಿನಲ್ಲಿ ದೋಣಿ ಸಲೀಸಾಗಿ ಹೋದ ದಾರಿಯೇ ಈ ಮೇ ತಿಂಗಳಲ್ಲಿ ತಳ ಸೀಳಬಹುದು. ಇಲ್ಲಿ ದಾರಿ ಬಲ್ಲವರು ಆ ಊರಿನವರೇ.

ಹೊಳೆಯ ಬಲ ಅದರ ಸೆಳವು. ಬಂಡೆಗಳ ನಡುವಿನ ಸುಳಿ, ಮಡು, ಒಡ್ಡುಗಳನ್ನು ಗಮನಿಸಬೇಕು. ಮೂರು ಬಗೆಯ ನೀರಿಗೂ ಒಂದೇ ಧೈರ್ಯ ಸಲ್ಲದು.

ಮಧ್ಯಾಹ್ನದ ಮೋಡ ಹೇಗೆ ಕೆಲಸ ಮಾಡುತ್ತದೆ

ನಮ್ಮಲ್ಲಿ ದೋಣಿಗೆ ಹೆಚ್ಚು ತೊಂದರೆ ಕೊಡುವುದು ಮುಂಗಾರಿನ ಜಡಿಮಳೆಗಿಂತ ಬೇಸಿಗೆಯ ಗುಡುಗು ಮಳೆ. ಮುಂಗಾರು ದಿನಗಟ್ಟಲೆ ಮುಂಚೆ ತಿಳಿಸಿ ಬರುತ್ತದೆ, ಆಗ ಬಹಳ ಕಡೆ ದೋಣಿಗಳನ್ನೇ ನಿಲ್ಲಿಸಿರುತ್ತಾರೆ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಮಳೆಗಳ ಕಾಲ ಹಾಗಲ್ಲ. ಏಪ್ರಿಲ್ ಮಧ್ಯದಿಂದ ಜೂನ್ ಮೊದಲ ವಾರದವರೆಗಿನ ಈ ದಿನಗಳು ಮಕ್ಕಳ ರಜೆಯ ದಿನಗಳೂ ಹೌದು. ಬೆಳಿಗ್ಗೆ ಆಕಾಶ ತಿಳಿಯಾಗಿರುತ್ತದೆ. ನೆಲ ಕಾದು, ಹಸಿಗಾಳಿ ಮೇಲೇರಿ, ಮಧ್ಯಾಹ್ನದ ಹೊತ್ತಿಗೆ ಹೂಕೋಸಿನಂಥ ಮೋಡಗಳು ಎದ್ದು ನಿಲ್ಲುತ್ತವೆ. ಅವುಗಳ ತಲೆ ಚಪ್ಪಟೆಯಾಗಿ ಹರಡಿ, ಬುಡ ಕಪ್ಪಾಯಿತೆಂದರೆ ಮಳೆ ಬಲಿತಿದೆ ಎಂದರ್ಥ.

ಇಂಥ ಮೋಡದೊಳಗಿಂದ ಬೀಳುವ ಮಳೆ ತನ್ನ ಜೊತೆ ತಣ್ಣನೆಯ, ಭಾರವಾದ ಗಾಳಿಯನ್ನೂ ಕೆಳಕ್ಕೆ ಎಳೆದು ತರುತ್ತದೆ. ನೆಲಕ್ಕೆ ಬಡಿದ ಆ ಗಾಳಿ ಸುತ್ತಲೂ ಹರಡುತ್ತದೆ. ಹಾಗಾಗಿ ಮಳೆ ಇನ್ನೂ ಆಚೆ ಗುಡ್ಡದಲ್ಲಿರುವಾಗಲೇ ಗಾಳಿ ನಮ್ಮನ್ನು ತಲುಪುತ್ತದೆ. ಮುಖ್ಯವಾಗಿ, ಅದು ಅಲ್ಲಿಯವರೆಗೆ ಬೀಸುತ್ತಿದ್ದ ದಿಕ್ಕಿನಿಂದ ಬರಬೇಕೆಂದೇನಿಲ್ಲ. ಬೆನ್ನಿಗಿದ್ದ ಗಾಳಿ ಕ್ಷಣದಲ್ಲಿ ಎದುರಾಗಬಹುದು. ಗಾಳಿಯ ವೇಗ ಇಮ್ಮಡಿಯಾದರೆ ಅದು ದೋಣಿಯನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಹುಟ್ಟು ಹಾಕುವವರ ತೋಳಿನ ಬಲ ಮಾತ್ರ ಅಷ್ಟೇ ಇರುತ್ತದೆ.

ಮುನ್ಸೂಚನೆಗಳನ್ನು ಹೀಗೆ ಗುರುತಿಸಬಹುದು:

• ಸೆಖೆ ಹೆಚ್ಚಿ, ಬೀಸುತ್ತಿದ್ದ ಗಾಳಿ ಒಮ್ಮೆಗೇ ನಿಲ್ಲುವುದು.
• ಅದರ ಹಿಂದೆಯೇ ಮೈಗೆ ತಣ್ಣಗೆ ತಾಗುವ, ಮಣ್ಣಿನ ವಾಸನೆ ಹೊತ್ತ ಗಾಳಿ.
• ದೂರದ ನೀರಿನ ಮೇಲೆ ಕಪ್ಪು ಪಟ್ಟೆಯೊಂದು ನಮ್ಮತ್ತ ಓಡಿಬರುವುದು. ಅದು ಗಾಳಿ ಕೆದಕಿದ ನೀರು.
• ಅಲೆಗಳ ತುದಿಯಲ್ಲಿ ಅಲ್ಲಲ್ಲಿ ಬಿಳಿನೊರೆ. ನೊರೆ ಏಳಲು ಗಾಳಿ ಗಂಟೆಗೆ 12ರಿಂದ 19 ಕಿಲೋಮೀಟರ್ ಇದ್ದರೆ ಸಾಕು. 20 ದಾಟಿದರೆ ಎಲ್ಲೆಲ್ಲೂ ನೊರೆಯೇ. ಹರಿಗೋಲು, ಪೆಡಲ್ ದೋಣಿ, ಕಯಾಕ್‌ಗಳಿಗೆ ಮೊದಲ ನೊರೆಯೇ ಹಿಂತಿರುಗುವ ಗುರುತು.
• ಗುಡುಗು. ಮಿಂಚು ಕಂಡಮೇಲೆ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ ಮೂರರಿಂದ ಭಾಗಿಸಿದರೆ ಅದು ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂದು ತಿಳಿಯುತ್ತದೆ. 30 ಸೆಕೆಂಡ್ ಎಂದರೆ 10 ಕಿಲೋಮೀಟರ್. ಸಿಡಿಲು ಮೋಡದಿಂದ ಅಷ್ಟು ದೂರಕ್ಕೂ ಬಡಿಯಬಲ್ಲದು. ಗುಡುಗು ಕಿವಿಗೆ ಬಿತ್ತೆಂದರೆ ದೋಣಿಯ ಮೂತಿ ದಡದ ಕಡೆ ತಿರುಗಬೇಕು.

ಬೇಸಿಗೆಯಲ್ಲಿ ಮನೆಮಂದಿಯೊಂದಿಗೆ ಹೋಗುವವರು ಬೆಳಿಗ್ಗೆ ಬೇಗ ನೀರಿಗಿಳಿದು, ಊಟದ ಹೊತ್ತಿಗೆ ದಡ ಸೇರುವುದು ಒಳ್ಳೆಯದು. ಹೊರಡುವ ಹಿಂದಿನ ರಾತ್ರಿ ಹವಾಮಾನ ಇಲಾಖೆಯ ಜಿಲ್ಲಾವಾರು ಎಚ್ಚರಿಕೆ ನೋಡಿ. ಕಿತ್ತಳೆ, ಕೆಂಪು ಬಣ್ಣವಿದ್ದರೆ ಪ್ರವಾಸ ಮುಂದೂಡಿ. ಹಳದಿ ಇದ್ದರೆ ಬೆಳಗಿನ ಹೊತ್ತಿಗಷ್ಟೇ ಸೀಮಿತಗೊಳಿಸಿ. ಸಿಡಿಲಿನ ಮಾಹಿತಿಗೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಇದೆ. ಕಾಡಿನ ಹಿನ್ನೀರಿನಲ್ಲಿ ಮೊಬೈಲ್ ಸಿಗ್ನಲ್ ಸಿಗದೆ ಹೋಗಬಹುದು, ಆದ್ದರಿಂದ ಊರು ಬಿಡುವ ಮೊದಲೇ ನೋಡಿಕೊಳ್ಳಿ.

ಅಲೆ ಎಲ್ಲಿ ಬೆಳೆಯುತ್ತದೆ

ಅಲೆಯ ಎತ್ತರವನ್ನು ಮೂರು ಸಂಗತಿಗಳು ಗೊತ್ತುಮಾಡುತ್ತವೆ. ಗಾಳಿಯ ವೇಗ, ಅದು ಬೀಸಿದ ಅವಧಿ, ನೀರಿನ ಮೇಲೆ ಅದು ಅಡ್ಡಿಯಿಲ್ಲದೆ ಓಡಿಬಂದ ದೂರ. ಐದಾರು ಕಿಲೋಮೀಟರ್ ಬಯಲು ನೀರಿನ ಮೇಲೆ ಗಂಟೆಗೆ 50 ಕಿಲೋಮೀಟರ್ ವೇಗದ ಗಾಳಿ ಒಂದು ಗಂಟೆ ಬೀಸಿದರೆ ಆಚೆ ದಡದ ಬಳಿ ಅರ್ಧ ಮೀಟರ್ ಆಸುಪಾಸಿನ ಅಲೆ ಏಳುತ್ತದೆ. ಕೇಳಲು ಇದು ಕಡಿಮೆ ಅನಿಸಬಹುದು. ಆದರೆ ಸಮುದ್ರದ ಅಲೆ ಉದ್ದವಾಗಿ, ನಿಧಾನವಾಗಿ ಎತ್ತಿ ಇಳಿಸುತ್ತದೆ. ಹಿನ್ನೀರಿನ ಅಲೆ ಮೋಟು, ಕಡಿದು. ಎರಡು ಮೂರು ಸೆಕೆಂಡಿಗೊಂದರಂತೆ ಬಡಿಯುತ್ತದೆ. ಒಂದರ ನೀರು ಮೊಗೆದು ಹಾಕುವ ಮೊದಲೇ ಇನ್ನೊಂದು ಒಳಗೆ ಬಂದಿರುತ್ತದೆ.

ಇಲ್ಲೊಂದು ಮೋಸವಿದೆ. ಗಾಳಿ ಯಾವ ದಡದ ಕಡೆಯಿಂದ ಬೀಸುತ್ತಿದೆಯೋ ಆ ದಡದ ನೀರು ಶಾಂತವಾಗಿರುತ್ತದೆ, ಏಕೆಂದರೆ ಅಲ್ಲಿ ಅಲೆ ಇನ್ನೂ ಹುಟ್ಟಿಲ್ಲ. ನೀವು ದೋಣಿ ಹತ್ತುವ ಜಾಗ ಅಂಥದಾಗಿದ್ದರೆ ಎಲ್ಲವೂ ಸುಲಭವೆನಿಸುತ್ತದೆ. ಗಾಳಿಯೇ ದೋಣಿಯನ್ನು ನಡುನೀರಿಗೆ ಒಯ್ಯುತ್ತದೆ, ಹುಟ್ಟು ಹಗುರ, ಮಕ್ಕಳಿಗೆ ಸಂತೋಷ. ಹಿಂತಿರುಗಿದಾಗಲೇ ಗೊತ್ತಾಗುವುದು, ದಾರಿಯುದ್ದಕ್ಕೂ ಎದುರುಗಾಳಿ, ತೋಳುಗಳಲ್ಲಿ ಶಕ್ತಿ ಉಳಿದಿಲ್ಲ. ಅದಕ್ಕೇ ಹುಟ್ಟು ಹಾಕುವ ದೋಣಿಯಲ್ಲಿ ಮೊದಲು ಗಾಳಿಗೆ ಎದುರಾಗಿ ಹೋಗಬೇಕು, ಬರುವಾಗ ಗಾಳಿ ಬೆನ್ನಿಗಿರಬೇಕು. ಇರುವ ಸಮಯದ ಮೂರನೇ ಒಂದು ಪಾಲು ಹೋಗಲು, ಉಳಿದದ್ದು ಬರಲು.

ಹೊಳೆ ಬಿಸಿಲಲ್ಲೂ ಏರುತ್ತದೆ

ಹೊಳೆಯಲ್ಲಿ ತಲೆ ಮೇಲಿನ ಮೋಡವನ್ನಷ್ಟೇ ನೋಡಿದರೆ ಸಾಲದು. ಶ್ರೀರಂಗಪಟ್ಟಣದಲ್ಲಿ ಬಿಸಿಲಿರುವಾಗಲೇ ಕೊಡಗಿನ ಮಳೆಯ ನೀರು ಕೆ.ಆರ್.ಎಸ್. ತುಂಬಿಸಿರುತ್ತದೆ. ಗೇಟು ತೆರೆದರೆ ರಂಗನತಿಟ್ಟಿನ ದೋಣಿಗಳು ನಿಲ್ಲುತ್ತವೆ. ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟರೆ ಹಂಪಿಯ ಹರಿಗೋಲುಗಳು ದಡ ಸೇರುತ್ತವೆ. ದಾಂಡೇಲಿ ಸೀಮೆಯ ಕಾಳಿ ನದಿಯಲ್ಲಿ ಮಳೆಯೇ ಇಲ್ಲದ ದಿನವೂ ನೀರು ಏರಿ ಇಳಿಯುತ್ತದೆ. ಸೂಪಾ ಅಣೆಕಟ್ಟಿನ ವಿದ್ಯುದಾಗಾರ ಓಡಿದಾಗ ಬಿಡುವ ನೀರಿನ ಮೇಲೆ ಅಲ್ಲಿನ ಮಟ್ಟ ನಿಂತಿದೆ.

ಪತ್ರಿಕೆಯಲ್ಲಿ ಬರುವ ಕ್ಯೂಸೆಕ್ ಎಂಬ ಅಳತೆಯನ್ನು ಮನಸ್ಸಿಗೆ ತಂದುಕೊಳ್ಳುವುದು ಸುಲಭ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್, ಅಂದರೆ ಹೆಚ್ಚುಕಡಿಮೆ ಎರಡು ಕೊಡ ನೀರು. ಹತ್ತು ಸಾವಿರ ಕ್ಯೂಸೆಕ್ ಬಿಟ್ಟರೆ ಸೆಕೆಂಡಿಗೆ ಇಪ್ಪತ್ತು ಸಾವಿರ ಕೊಡ. ಹೊಳೆ ಬದಿಯಲ್ಲಿ ಕೂತಾಗ ನೀರಿನಂಚಿಗೆ ಒಂದು ಕಡ್ಡಿ ನೆಟ್ಟು ಆಗಾಗ ನೋಡಿ. ಕಡ್ಡಿಯ ಬುಡ ಮುಳುಗುತ್ತಿದೆ, ತಿಳಿನೀರು ಕೆಂಪಗಾಗುತ್ತಿದೆ, ಎಲೆ ರೆಂಬೆಗಳು ತೇಲಿ ಬರುತ್ತಿವೆ, ಹೊಳೆಯ ಸದ್ದು ಬದಲಾಗಿದೆ ಎಂದಾದರೆ ಪಾತ್ರೆ ಪಗಡಗಳನ್ನು ಬಿಟ್ಟು ಮೊದಲು ಮೇಲಕ್ಕೆ ಹೋಗಿ. ನಡುಬಂಡೆಯ ಮೇಲೆ ಊಟಕ್ಕೆ ಕೂರಲೇಬೇಡಿ.

ಒಡ್ಡುಗಳ ಬಗ್ಗೆ ಒಂದು ಮಾತು. ಬಲಮುರಿಯಂಥ ಕಡೆ ನೀರು ತೆಳ್ಳಗೆ ಹರಿದು ಬೀಳುವುದು ಚೆಂದ ಕಾಣುತ್ತದೆ. ನೀರು ಹೆಚ್ಚಿದಾಗ ಒಡ್ಡಿನ ಬುಡದಲ್ಲಿ ಅದು ಹಿಂದಕ್ಕೆ ಹೊರಳಿ ಉರುಳುತ್ತಿರುತ್ತದೆ. ಅದರೊಳಗೆ ಸಿಕ್ಕಿದ್ದನ್ನು ಮತ್ತೆ ಮತ್ತೆ ಗೋಡೆಗೇ ಎಳೆದುಕೊಳ್ಳುತ್ತದೆ. ಒಳ್ಳೆಯ ಈಜುಗಾರರಿಗೂ ಅದರಿಂದ ಹೊರಬರುವುದು ಕಷ್ಟ. ಒಡ್ಡಿನ ಮೇಲ್ಭಾಗದಲ್ಲಾಗಲಿ ಬುಡದಲ್ಲಾಗಲಿ ದೋಣಿ ಒಯ್ಯುವವರಿದ್ದರೆ ಆ ದೋಣಿ ಹತ್ತಬೇಡಿ.

ದೋಣಿ ಮಗುಚುವುದು ಏಕೆ

ದೋಣಿ ಒಂದು ಕಡೆ ವಾಲಿದಾಗ ಆ ಬದಿ ಹೆಚ್ಚು ನೀರಿಗಿಳಿಯುತ್ತದೆ, ನೀರು ಅದನ್ನು ಮೇಲಕ್ಕೊತ್ತಿ ನೆಟ್ಟಗೆ ಮಾಡುತ್ತದೆ. ಒಳಗಿನ ಭಾರ ಕೆಳಗಿದ್ದಷ್ಟೂ ಈ ಕೆಲಸ ಸಲೀಸು. ಜನ ಎದ್ದುನಿಂತರೆ ಭಾರ ಮೇಲೇರುತ್ತದೆ. ಎಲ್ಲರೂ ಒಂದೇ ಬದಿಗೆ ಸರಿದರೆ ನೀರಿನ ಒತ್ತು ಸಾಲದಾಗುತ್ತದೆ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಎರಡಂತಸ್ತಿನ ‘ಜಲಕನ್ಯಕ’ ದೋಣಿ ಮಗುಚಿ 45 ಜನ ಸತ್ತರು. ದಡದಲ್ಲಿ ಪ್ರಾಣಿಗಳು ಕಂಡವೆಂದು ಪ್ರವಾಸಿಗರು ಒಂದೇ ಬದಿಗೆ ನುಗ್ಗಿದ್ದರು. ಕಬಿನಿಯಲ್ಲಿ ಆನೆ ಕಂಡಾಗ, ರಂಗನತಿಟ್ಟಿನಲ್ಲಿ ಮೊಸಳೆ ಕಂಡಾಗ ನಮ್ಮ ಕಾಲೂ ಹಾಗೆಯೇ ಏಳುತ್ತದೆ. “ಏನೇ ಕಂಡರೂ ಕೂತಲ್ಲಿಂದಲೇ ನೋಡಬೇಕು, ದೋಣಿಯನ್ನು ತಿರುಗಿಸಲು ಹೇಳೋಣ” ಎಂದು ಮಕ್ಕಳಿಗೆ ಮುಂಚೆಯೇ ಹೇಳಿಡಿ.

ತಳದಲ್ಲಿ ನಿಂತ ನೀರು ಇನ್ನೊಂದು ಶತ್ರು. ದೋಣಿ ವಾಲಿದ ಕಡೆಗೆ ಆ ನೀರೂ ಓಡಿ ವಾಲುವಿಕೆಯನ್ನು ಹೆಚ್ಚಿಸುತ್ತದೆ. ಎರಡು ಬೆರಳು ನೀರು ನಿಂತಿದ್ದರೂ ಮೊಗೆದು ಹಾಕಬೇಕು.

ಹರಿಗೋಲಿನ ಗುಣ ಬೇರೆ. ಬಿದಿರಿನ ಹೆಣಿಗೆಗೆ ಹಿಂದೆ ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ತಳ ಅಗಲ, ಚಪ್ಪಟೆ. ಗೇಣು ನೀರಲ್ಲೂ ತೇಲುತ್ತದೆ, ಬಂಡೆಗೆ ತಾಗಿದರೆ ಬಾಗಿ ಜಾರುತ್ತದೆ. ಬಂಡೆಗಳ ತುಂಗಭದ್ರೆಗೆ, ಕಾವೇರಿಗೆ ಅದು ಹೇಳಿಮಾಡಿಸಿದ್ದು. ಆದರೆ ಅದಕ್ಕೆ ಮೂತಿಯಿಲ್ಲ, ಚುಕ್ಕಾಣಿಯಿಲ್ಲ. ಗಾಳಿ ಎತ್ತ ತಳ್ಳಿದರೆ ಅತ್ತ. ಬಯಲು ಹಿನ್ನೀರಿನಲ್ಲಿ, ಗಾಳಿಯಿರುವಾಗ ಅದು ಸಲ್ಲದು. ಹರಿಗೋಲಿನಲ್ಲಿ ಎಲ್ಲರೂ ತಳಕ್ಕೆ ಕೂತು, ಅಂಚಿನ ಸುತ್ತ ಸಮನಾಗಿ ಹಂಚಿಕೊಳ್ಳಬೇಕು. ಗರಗರ ತಿರುಗಿಸಿ ತೋರಿಸುತ್ತೇವೆಂದರೆ ಬೇಡವೆನ್ನಿ.

ಲೈಫ್ ಜಾಕೆಟ್

2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮುಳುಗಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ತೀರಿಕೊಂಡರು. ದೋಣಿಯಲ್ಲಿದ್ದ ಎಲ್ಲರಿಗೂ ಜಾಕೆಟ್ ಇರಲಿಲ್ಲ. ನಗರದ ನಡುವಿನ ಕೆರೆಯಲ್ಲಿ ಆದದ್ದಿದು.

ನೀರಿನಲ್ಲಿ ನಮ್ಮ ಮೈ ಬಹುಪಾಲು ತಾನೇ ತೇಲುತ್ತದೆ. ತಲೆಯನ್ನು ಮೇಲೆತ್ತಿ ಹಿಡಿಯಲು ಇನ್ನು ನಾಲ್ಕೈದು ಕಿಲೋ ಎತ್ತುವ ಬಲ ಬೇಕು. ಜಾಕೆಟ್ ಕೊಡುವುದು ಅದನ್ನೇ. ಚೀಟಿಯಲ್ಲಿ ನ್ಯೂಟನ್ ಲೆಕ್ಕವಿರುತ್ತದೆ, ಹತ್ತು ನ್ಯೂಟನ್ ಎಂದರೆ ಸುಮಾರು ಒಂದು ಕಿಲೋ ಎತ್ತುವ ಬಲ. 50 ನ್ಯೂಟನ್‌ದು ಈಜು ಬಲ್ಲವರಿಗೆ. ಈಜು ಬಾರದವರಿಗೆ, ಮಕ್ಕಳಿಗೆ, ಹಿರಿಯರಿಗೆ ಕಾಲರ್ ಇರುವ 100 ನ್ಯೂಟನ್‌ನ ಜಾಕೆಟ್ ಬೇಕು.

ತೊಟ್ಟಮೇಲೆ ಪರೀಕ್ಷಿಸಿ. ಎಲ್ಲ ಕ್ಲಿಪ್ ಹಾಕಿ, ಪಟ್ಟಿ ಬಿಗಿದು, ಎರಡೂ ಭುಜದ ಬಳಿ ಹಿಡಿದು ಮೇಲಕ್ಕೆತ್ತಿ. ಜಾಕೆಟ್ ಕಿವಿಯವರೆಗೆ ಬಂದರೆ ಅದು ದೊಡ್ಡದು. ನೀರಿಗೆ ಬಿದ್ದಾಗ ಮಗು ಅದರೊಳಗಿಂದ ಕೆಳಕ್ಕೆ ಜಾರುತ್ತದೆ. ಮಕ್ಕಳ ಜಾಕೆಟ್ಟಿಗೆ ಕಾಲುಗಳ ನಡುವೆ ಬರುವ ಪಟ್ಟಿ ಇರಲೇಬೇಕು. ಅಳತೆಯನ್ನು ವಯಸ್ಸಿನಿಂದಲ್ಲ, ಮಗುವಿನ ತೂಕದಿಂದ ನೋಡಿ. ದಡದಲ್ಲಿ ಮಕ್ಕಳ ಅಳತೆಯದು ಸಿಗದಿದ್ದರೆ ಅಂದು ಆ ಮಗು ದೋಣಿ ಹತ್ತುವುದು ಬೇಡ. ವರ್ಷಕ್ಕೆರಡು ಬಾರಿ ಹೋಗುವ ಮನೆಯವರು ಮಕ್ಕಳಿಗೆ ಸ್ವಂತದ್ದು ಕೊಳ್ಳುವುದೇ ಲೇಸು. ಮಳೆಯಂಗಿ ಒಳಗೆ, ಜಾಕೆಟ್ ಹೊರಗೆ ಇರಲಿ. ಸೀರೆಯುಟ್ಟವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ನಿರಿಗೆ ಮೇಲಕ್ಕೆತ್ತಿ ಕೂರಬೇಕು.

ಹತ್ತುವ ಮುನ್ನ ಹತ್ತು ನಿಮಿಷ

ಇಂಜಿನ್ ದೋಣಿಗಳಿಗೆ ನೋಂದಣಿ, ತಪಾಸಣಾ ಪ್ರಮಾಣಪತ್ರ ಬೇಕೆಂದು 2021ರ ಒಳನಾಡು ಹಡಗು ಕಾಯ್ದೆ ಹೇಳುತ್ತದೆ. ಅದನ್ನು ಕೇಳುವ ಹಕ್ಕು ನಮಗಿದೆ. ಜೊತೆಗೆ ನಮ್ಮ ಕಣ್ಣಿಗೇ ಕಾಣುವ ಸಂಗತಿಗಳಿವೆ.

• ಎಲ್ಲರೂ ಕೂತಮೇಲೆ ದೋಣಿಯ ಅಂಚು ನೀರಿಗಿಂತ ಎಷ್ಟು ಮೇಲಿದೆ? ಗೇಣಿಗಿಂತ ಕಡಿಮೆ ಇದ್ದರೆ ಇಳಿಯಿರಿ.
• ಎಷ್ಟು ಜನರಿಗೆಂದು ಬರೆದಿದೆ? ಮಕ್ಕಳನ್ನೂ ತಲೆಗೊಂದರಂತೆ ಎಣಿಸಿ.
• ನೀರು ಮೊಗೆಯುವ ಡಬ್ಬಿ, ಹದಿನೈದು ಮೀಟರ್ ಹಗ್ಗ, ಹೆಚ್ಚಿನ ಹುಟ್ಟು, ಲಂಗರು ಇವೆಯೇ?
• ನಡೆಸುವವರು ಕುಡಿದಿಲ್ಲ ತಾನೇ? ಸ್ವಲ್ಪ ಅನುಮಾನ ಬಂದರೂ ಸಾಕು, ಹತ್ತಬೇಡಿ.
• ದಡದಲ್ಲಿ ಒಬ್ಬರಿಗೆ ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಹೇಳಿ. ತಡವಾದರೆ 112ಕ್ಕೆ ಕರೆ ಮಾಡುವಂತೆ ತಿಳಿಸಿ.

ನಮ್ಮ ಚೀಲದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದ ಫೋನು, ಸೀಟಿ, ಟಾರ್ಚು, ಒಣಬಟ್ಟೆ, ಕುಡಿಯುವ ನೀರು ಇರುತ್ತವೆ. ಜೊತೆಗೆ ಮುಚ್ಚಳ ಬಿಗಿದ ಐದು ಲೀಟರಿನ ಎರಡು ಖಾಲಿ ಎಣ್ಣೆ ಕ್ಯಾನುಗಳು. ಬಿದ್ದವರತ್ತ ಎಸೆದರೆ ಒಂದೊಂದೂ ಒಬ್ಬರ ತಲೆಯನ್ನು ನೀರಿನ ಮೇಲೆ ಹಿಡಿದಿಡಬಲ್ಲದು.

ನಡುನೀರಿನಲ್ಲಿ ಗಾಳಿ ಎದ್ದರೆ

ಎಲ್ಲರೂ ತಳಕ್ಕೆ ಕೂರಿ, ಮಕ್ಕಳು ನಡುವೆ. ಅಲೆ ಪಕ್ಕಕ್ಕೆ ಬಡಿಯಲು ಬಿಡಬಾರದು. ಮೂತಿ ಅಲೆಗೆ ತುಸು ಓರೆಯಾಗಿ ಎದುರಾಗಿರಲಿ, ವೇಗ ಕಡಿಮೆಯಿರಲಿ. ಹೊರಟ ದಕ್ಕೆಗೇ ಮರಳಬೇಕೆಂಬ ಹಟ ಬೇಡ. ಸಮೀಪದ, ಗಾಳಿಗೆ ಮರೆಯಾದ ಯಾವ ದಡವಾದರೂ ಸರಿ. ಇಂಜಿನ್ ನಿಂತರೆ ಲಂಗರನ್ನು ಮುಂದಿನಿಂದ ಇಳಿಬಿಡಿ. ಆಗ ಮೂತಿ ಗಾಳಿಗೆ ಎದುರಾಗಿ ನಿಲ್ಲುತ್ತದೆ. ಆಳ ಹೆಚ್ಚಿದ್ದು ಲಂಗರು ನೆಲ ಮುಟ್ಟದಿದ್ದರೆ ಹಗ್ಗಕ್ಕೆ ಬಕೆಟ್ ಕಟ್ಟಿ ಮುಂದಿನಿಂದ ಎಳೆಯಲು ಬಿಟ್ಟರೂ ಅರ್ಧ ಕೆಲಸ ಆಗುತ್ತದೆ. ಛತ್ರಿ ಬಿಡಿಸಬೇಡಿ. ಅದು ಗಾಳಿಗೆ ಹಾಯಿ, ಸಿಡಿಲಿಗೆ ತುದಿ.

ದಡ ಸೇರಿದ ಮೇಲೆ ಒಂಟಿ ಮರದಡಿ ನಿಲ್ಲದೆ ಕಟ್ಟಡಕ್ಕೋ ಗಾಜು ಏರಿಸಿದ ಕಾರಿಗೋ ಹೋಗಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಬೇಕು.

ದೋಣಿ ಮಗುಚಿದರೆ ಅದನ್ನು ಬಿಡಬೇಡಿ. ಮಗುಚಿದ ದೋಣಿ ಹೆಚ್ಚಾಗಿ ತೇಲುತ್ತಲೇ ಇರುತ್ತದೆ, ಹುಡುಕುವವರಿಗೆ ತಲೆಗಿಂತ ಬೇಗ ಕಾಣುತ್ತದೆ. ದಡ ಹತ್ತಿರ ಕಂಡರೂ ಈಜಿ ಹೋಗುವ ಆಸೆ ಬೇಡ, ನೀರಿನ ಮೇಲೆ ದೂರ ಸದಾ ಕಡಿಮೆ ಕಾಣುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈ ಬಿಸಿಯನ್ನು ಎಳೆಯುತ್ತದೆ. ಮಕ್ಕಳನ್ನು ನಡುವೆ ಹಾಕಿಕೊಂಡು ಒಬ್ಬರಿಗೊಬ್ಬರು ತಬ್ಬಿ ಇರಿ. ಹೊಳೆಯ ಸೆಳವಿನಲ್ಲಾದರೆ ಅಂಗಾತ ತೇಲಿ, ಪಾದಗಳು ಮುಂದಿರಲಿ. ರಭಸದ ನೀರಿನಲ್ಲಿ ನಿಲ್ಲಲು ಹೋದರೆ ಬಂಡೆಯ ಸಂದಿಗೆ ಕಾಲು ಸಿಕ್ಕುತ್ತದೆ.

ಮುಳುಗುವವರನ್ನು ಉಳಿಸಲು ಹಾರಿದವರೂ ಮುಳುಗಿದ ಸುದ್ದಿಯನ್ನು ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ. ಮೊದಲು ಹಗ್ಗ, ಕ್ಯಾನು, ಹುಟ್ಟು ಚಾಚಿ. ಮೇಲೆತ್ತಿದವರ ಹೊಟ್ಟೆ ಅದುಮಬಾರದು. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ಆಮೇಲೆ ಎದೆ ಒತ್ತಬೇಕು. ನೀರು ಕುಡಿದವರು ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ತೋರಿಸಿ. ಉಸಿರಿನ ತೊಂದರೆ ಗಂಟೆಗಳ ನಂತರವೂ ಬರಬಹುದು.

ದಡದ ಊಟ

ಕಳೆದ ಬೇಸಿಗೆಯಲ್ಲಿ ಮತ್ತೆ ಅದೇ ಹಿನ್ನೀರಿಗೆ ಹೋದೆವು. ಹೊರಡುವಾಗಲೇ ಮಕ್ಕಳ ಮುಂದೆ ಎರಡು ಮಾತು ಗೊತ್ತುಮಾಡಿದ್ದೆ. ಹನ್ನೆರಡಕ್ಕೆ ಹಿಂತಿರುಗುವುದು, ಗುಡುಗು ಕೇಳಿದರೆ ಅದಕ್ಕೂ ಮೊದಲೇ. ಹನ್ನೊಂದೂವರೆಗೆ ದೂರದಲ್ಲಿ ಒಮ್ಮೆ ಗುಡುಗಿತು. ನಡುಗಡ್ಡೆ ಇನ್ನೂ ಸ್ವಲ್ಪ ಮುಂದಿತ್ತು. ಮಗಳು ನನ್ನ ಮುಖ ನೋಡಿದಳು, ಹತ್ತು ನಿಮಿಷ ಕೇಳಲಿಲ್ಲ. ದೋಣಿ ತಿರುಗಿತು.

ಮಳೆ ಹೊಯ್ಯತೊಡಗಿದಾಗ ನಾವು ಕಾರಿನೊಳಗೆ ಕೂತು ಚಿತ್ರಾನ್ನ ತಿನ್ನುತ್ತಿದ್ದೆವು. ಮಿಂಚು ಹೊಡೆದಾಗಲೆಲ್ಲ ಮಕ್ಕಳಿಬ್ಬರೂ ಜೋರಾಗಿ ಎಣಿಸುತ್ತಿದ್ದರು. ಎಣಿಕೆ ಹನ್ನೆರಡಕ್ಕೆ ಬಂದಾಗ ಗುಡುಗಿತು. “ನಾಲ್ಕು ಕಿಲೋಮೀಟರ್, ಅಜ್ಜಿ” ಅಂದಳು ಮಗಳು. ಅಮ್ಮ ಅವಳ ತಟ್ಟೆಗೆ ಇನ್ನೊಂದು ಹಪ್ಪಳ ಹಾಕಿದರು.